ಡಿಗ್ರಿ ಮುಗಿದ ಮೇಲೆ ವಾಟರ್ ಸ್ಕೀಯಿಂಗ್ ಯಾಕೆ ಬಿಡ್ತಾರೆ?

ಅಮೆರಿಕದಲ್ಲಿ ಓದುವಾಗ ನಾನು ಕಾಲೇಜಿನ ವಾಟರ್ ಸ್ಕೀ ತಂಡದಲ್ಲಿದ್ದೆ. ಓಡುವ ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ಕಾಲಿಗೆ ಸ್ಕೀ ಅನ್ನೋ ಹಲಗೆ ಹಾಕಿಕೊಂಡು ನೀರಿನ ಮೇಲೆ ಜಾರುವ ಆಟ ಅದು. ಬಳ್ಳಾರಿಗೆ ವಾಪಸ್ ಬಂದ ಮೇಲೆ ಹಳೇ ಫೋಟೊ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಷ್ಟು ಚೆನ್ನಾಗಿ ಆಡೋರು ಡಿಗ್ರಿ ಮುಗೀತಿದ್ದಂಗೆ ಯಾಕೆ ಬಿಡ್ತಾರೆ? ಉಳಿಸಿಕೊಳ್ಳೋಕೆ ಆಗಲ್ವಾ?"

ಆಗುತ್ತದೆ. ಆದರೆ ಆಸಕ್ತಿ ಹೋಯಿತು ಅಂತ ಅವರನ್ನು ದೂರಬೇಡಿ. ಮೊದಲು ಕೈತಪ್ಪುವುದು ಬೋಟ್. ಕಾಲೇಜಿನಲ್ಲಿ ಬೋಟ್, ಕೆರೆ ಎಲ್ಲ ಕ್ಲಬ್ ನೋಡಿಕೊಳ್ಳುತ್ತದೆ, ವಂತಿಗೆ ಕಟ್ಟಿದರೆ ಸಾಕು. ಮೇಲಾಗಿ ಇದು ಒಬ್ಬರೇ ಆಡುವ ಆಟವಲ್ಲ. ಬೋಟ್ ಓಡಿಸೋಕೆ ಒಬ್ಬರು, ಹಿಂದೆ ತಿರುಗಿ ಕೂತು ಸ್ಕೀ ಮಾಡುವವರ ಮೇಲೆ ಕಣ್ಣಿಡೋಕೆ ಇನ್ನೊಬ್ಬರು ಬೇಕು. ಕೆಲಸ ಸಿಕ್ಕಿ ಊರು ಬದಲಾದ ಮೇಲೆ ಮೂವರು ಒಂದು ಕಡೆ ಸೇರೋದೇ ಕಷ್ಟ.

ಇನ್ನೊಂದು, ಹಗ್ಗದ ವಿಷಯ. ಸ್ಲಾಲಮ್ ಅಂದರೆ ತೇಲುವ ಚೆಂಡುಗಳನ್ನು ಸುತ್ತಿ ಸ್ಕೀ ಮಾಡುವ ಸ್ಪರ್ಧೆ. ಅದರಲ್ಲಿ ಬೋಟ್ ನಡುವೆ ನೇರವಾಗಿ ಹೋಗುತ್ತದೆ. ಆ ಗೆರೆಯಿಂದ 11.5 ಮೀಟರ್ ದೂರದಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು ಚೆಂಡು ತೇಲುತ್ತಿರುತ್ತವೆ. ಆರನ್ನೂ ಸುತ್ತಿ ಬಂದರೆ ವೇಗ ಏರಿಸುತ್ತಾರೆ. ಗಂಡಸರಿಗೆ ಗಂಟೆಗೆ 58 ಕಿ.ಮೀ., ಹೆಂಗಸರಿಗೆ 55 ಮುಟ್ಟಿದ ಮೇಲೆ ವೇಗ ಏರಿಸಲ್ಲ, ಹಗ್ಗ ಗಿಡ್ಡ ಮಾಡುತ್ತಾ ಹೋಗುತ್ತಾರೆ. 11.25 ಮೀಟರ್‌ಗೆ ಬಂದಾಗ ಹಗ್ಗ ಚೆಂಡಿನ ತನಕ ಬರೋದೇ ಇಲ್ಲ! ನೀರಿನ ಮೇಲೆ ಮಲಗಿದಂತೆ ಮೈ ಬಾಗಿಸಿ, ಒಂದು ಕೈ ಪೂರ್ತಿ ಚಾಚಿ, ಸ್ಕೀಯನ್ನು ಚೆಂಡಿನ ಆಚೆ ದಾಟಿಸಬೇಕು. ತಿಂಗಳುಗಟ್ಟಲೆ ಬಿಟ್ಟವರಿಗೆ ಇದು ಬರಲ್ಲ. ಮತ್ತೆ ಉದ್ದ ಹಗ್ಗ ಹಿಡಿಯಬೇಕು. ಬಿದ್ದ ಪೆಟ್ಟಿಗಿಂತ ಅದು ಜಾಸ್ತಿ ನೋಯುತ್ತದೆ. ಕಾಲೇಜಿನಲ್ಲಾದರೆ ನಿಮ್ಮ ಅಂಕಕ್ಕೆ ತಂಡ ಕಾಯುತ್ತಿತ್ತು. ಈಗ ಕಾಯೋರು ಯಾರೂ ಇಲ್ಲ.

ಅದಕ್ಕೇ ಕಾಲೇಜಿನ ಕ್ಲಬ್‌ಗಳಿಗೆ ನಾನು ಹೇಳೋದು, "ಬಂದು ಸ್ಪರ್ಧಿಸಿ" ಅನ್ನೋದಕ್ಕಿಂತ ಮೊದಲು ಅವರಿಗೆ ಕ್ಲಬ್ಬಿನಲ್ಲೇ ಒಂದು ಕೆಲಸ ಕೊಡಿ. ಕೊನೇ ವರ್ಷದಲ್ಲಿರುವಾಗಲೇ ಬೋಟ್ ಓಡಿಸೋದು, ತೀರ್ಪು ಕೊಡೋದು, ಅಂಕ ಬರೆಯೋದು ಕಲಿಸಿ. ಪಳಗಿದ ಡ್ರೈವರ್, ಜಡ್ಜ್ ಇಲ್ಲದೆ ಟೂರ್ನಮೆಂಟ್ ನಡೆಯಲ್ಲ. ಕರೆದರೆ ಬರುತ್ತಾರೆ. ಬಂದವರು ಸುಮ್ನೆ ದಡದಲ್ಲಿ ನಿಲ್ಲಲ್ಲ, ಸಂಜೆ ಒಂದು ಸುತ್ತು ನೀರಿಗೆ ಇಳಿದೇ ಇಳಿಯುತ್ತಾರೆ. ನಮ್ಮ ಸಿರುಗುಪ್ಪ ಕಡೆ ಕಬಡ್ಡಿ ನೋಡಿ. ಜಾತ್ರೆಯ ಪಂದ್ಯಕ್ಕೆ ಸೀಟಿ ಊದೋರು ಮೊಣಕಾಲು ಹೋದ ಹಳೇ ರೈಡರ್‌ಗಳೇ ಅಲ್ವಾ?

(ತುಂಗಭದ್ರಾ ಡ್ಯಾಮಲ್ಲಿ ಮಾಡಬಹುದಲ್ಲ ಅಂತಲೂ ಕೇಳುತ್ತಾರೆ. ಸ್ಲಾಲಮ್‌ಗೆ ಅಲುಗಾಡದ ನೀರು ಬೇಕು. ಅಷ್ಟು ಅಗಲದ ನೀರಲ್ಲಿ ಗಾಳಿಗೆ ಅಲೆ ಏಳುತ್ತದೆ, ಬೇಸಿಗೆಯಲ್ಲಿ ನೀರೂ ಇಳಿಯುತ್ತದೆ.)

ಇನ್ನು ದುಡ್ಡು. ಹೊಸದಾಗಿ ಕೆಲಸಕ್ಕೆ ಸೇರಿದವರ ಹತ್ತಿರ ದೇಣಿಗೆ ಕೇಳಬೇಡಿ. ಅವರ ಸಂಬಳ ಬಾಡಿಗೆಗೆ, ಓದಿನ ಸಾಲಕ್ಕೇ ಸಾಕಾಗಲ್ಲ. ಪೆಟ್ರೋಲ್ ಖರ್ಚಷ್ಟೇ ತಗೊಂಡು ಸ್ಕೀ ಮಾಡೋಕೆ ಬಿಡಿ. ದೇಣಿಗೆ ಮುಂದೆ ನೋಡೋಣ.