ಇಸ್ತ್ರಿ ತಣ್ಣಗಾದ ಮಧ್ಯಾಹ್ನ

ನಮ್ಮ ನಾಟಕದಲ್ಲಿ ಇದ್ದದ್ದು ಎರಡು ಪಾತ್ರ, ಒಂದು ರೂಮು, ಒಂದು ಅಂಗಿ. ಅವಳು ಮೈಸೂರಿನಲ್ಲಿ ಕೆಲಸ ಮಾಡುತ್ತಾಳೆ, ಅವನು ಹುಬ್ಬಳ್ಳಿಯಲ್ಲಿ. ತಿಂಗಳಿಗೊಮ್ಮೆ ಇಬ್ಬರೂ ರೈಲು ಹತ್ತಿ ನಡುವಿನ ಅರಸೀಕೆರೆಯಲ್ಲಿ ಇಳಿಯುತ್ತಾರೆ. ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಸೇರುತ್ತಾರೆ. ಸೇರಿದ ಅರ್ಧ ಗಂಟೆಗೆ ಜಗಳ ಶುರು. ಕೊನೆಯ 12 ನಿಮಿಷ ಅವಳು ಅವನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ಮೊದಲು ಕಾಲರ್, ಆಮೇಲೆ ತೋಳು, ಆಮೇಲೆ ಮುಂಭಾಗ. ಅಂಗಿ ಮುಗಿಯುವ ಹೊತ್ತಿಗೆ ಅವರ ನಡುವೆ ಏನೂ ಉಳಿದಿರುವುದಿಲ್ಲ.

ಇಸ್ತ್ರಿಯ ಐಡಿಯಾ ನಾನು ಕದ್ದದ್ದು. ಜಾನ್ ಆಸ್ಬಾರ್ನ್ ಬರೆದ 'ಲುಕ್ ಬ್ಯಾಕ್ ಇನ್ ಆ್ಯಂಗರ್' ನಾಟಕದಿಂದ. ಅದರ ಮೊದಲ ಪ್ರದರ್ಶನ ಆಗಿದ್ದು 1956ರ ಮೇ 8ರಂದು, ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ. ಪರದೆ ಎದ್ದಾಗ ಭಾನುವಾರದ ಸಂಜೆ. ಜಿಮ್ಮಿ ಮತ್ತು ಅವನ ಗೆಳೆಯ ಪೇಪರ್ ಓದುತ್ತಾ ಕೂತಿರುತ್ತಾರೆ. ಹೆಂಡತಿ ಆಲಿಸನ್ ಬಟ್ಟೆ ಇಸ್ತ್ರಿ ಮಾಡುತ್ತಿರುತ್ತಾಳೆ. ಜಿಮ್ಮಿ ಅವಳನ್ನು ಚುಚ್ಚುತ್ತಲೇ ಇರುತ್ತಾನೆ, ಅವಳು ಇಸ್ತ್ರಿ ತಿಕ್ಕುತ್ತಲೇ ಇರುತ್ತಾಳೆ. ಮೂರನೇ ಅಂಕದಲ್ಲಿ ಪರದೆ ಎದ್ದಾಗ ಅದೇ ಮೇಜಿನ ಮುಂದೆ ಇನ್ನೊಬ್ಬ ಹೆಂಗಸು. ಏನಾಯ್ತು ಅಂತ ಯಾರೂ ವಿವರಿಸಬೇಕಿಲ್ಲ. ಇಂಥದ್ದನ್ನು ಕದಿಯದೆ ಬಿಡೋಕೆ ಆಗುತ್ತಾ?

ನಾಟಕ ಹತ್ತಾರು ಪ್ರದರ್ಶನ ಕಂಡಿತು. ನಟಿ ನಿಜವಾಗಿಯೇ ಇಸ್ತ್ರಿ ಮಾಡುತ್ತಿದ್ದರು. ಮುಂದಿನ ಸಾಲಿನವರಿಗೆ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಆಮೇಲೆ ಒಬ್ಬ ಗೆಳೆಯ ಇದನ್ನು ಸಿನಿಮಾ ಮಾಡ್ತೀನಿ ಅಂದ. ಸಣ್ಣ ಬಜೆಟ್ಟು, 9 ದಿನದ ಶೂಟಿಂಗು. ಚಿತ್ರಕಥೆಗೆ ನಾನೂ ಕೂತೆ.

ಶುರು ಮಾಡುವ ಮೊದಲು ಇಬ್ಬರೂ ಕೂತು ಆಸ್ಬಾರ್ನ್ ನಾಟಕದ ಸಿನಿಮಾ ನೋಡಿದೆವು. ಟೋನಿ ರಿಚರ್ಡ್‌ಸನ್ 1959ರಲ್ಲಿ ಮಾಡಿದ್ದು. ನಾಟಕ ಪೂರ್ತಿ ಒಂದು ಅಟ್ಟದ ರೂಮಿನಲ್ಲಿ ನಡೆದರೆ, ಸಿನಿಮಾ ಜಾಝ್ ಕ್ಲಬ್ಬಿಗೆ ಹೋಗುತ್ತದೆ, ಸಂತೆಗೆ ಹೋಗುತ್ತದೆ. ಸಂತೆಯಲ್ಲಿ ಕಪೂರ್ ಅನ್ನುವ ಭಾರತೀಯ ವ್ಯಾಪಾರಿ ಇದ್ದಾನೆ, ಅವನಿಗೆ ಅಲ್ಲಿನ ಇನ್ಸ್‌ಪೆಕ್ಟರ್ ಕಿರುಕುಳ ಕೊಡುತ್ತಾನೆ. ನಾಟಕದಲ್ಲಿ ಈ ಮನುಷ್ಯ ಇಲ್ಲವೇ ಇಲ್ಲ. ಅದು ನನಗೆ ಇಷ್ಟವಾಯಿತು. ಜಿಮ್ಮಿಯ ಸಿಟ್ಟಿಗೆ ಮನೆಯ ಹೊರಗೂ ಒಂದು ಕಾರಣ ಸಿಕ್ಕಿತಲ್ಲ ಅಂತ. ಆದರೆ ಜಿಮ್ಮಿಯ ಹಳೆಯ ಗೆಳೆಯನೊಬ್ಬನ ತಾಯಿ ಮಾ ಟ್ಯಾನರ್ ವಿಷಯದಲ್ಲಿ ನನಗೆ ಬೇಜಾರಾಯಿತು. ನಾಟಕದಲ್ಲಿ ಆ ಮುದುಕಿ ಬರೀ ಮಾತಿನಲ್ಲಿ ಇದ್ದಾಳೆ, ಒಮ್ಮೆಯೂ ಒಳಗೆ ಬರುವುದಿಲ್ಲ. ಸಿನಿಮಾದಲ್ಲಿ ಈಡಿತ್ ಇವಾನ್ಸ್ ಆ ಪಾತ್ರ ಮಾಡಿದ್ದಾರೆ. ದೊಡ್ಡ ನಟಿ, ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಓದುವಾಗ ನಾನು ಕಟ್ಟಿಕೊಂಡಿದ್ದ ಮುದುಕಿ ಅವತ್ತು ಹೊರಟುಹೋದಳು.

ಜಿಮ್ಮಿಯಾಗಿ ರಿಚರ್ಡ್ ಬರ್ಟನ್. ಅಬ್ಬಾ, ಆ ಗಂಟಲು! ಬಾಲ್ಕನಿಯ ಕೊನೆಯ ಸಾಲಿಗೆ ಮುಟ್ಟುವ ಗಂಟಲು. ಕ್ಯಾಮೆರಾ ಮಾತ್ರ ಎರಡು ಅಡಿ ದೂರದಲ್ಲಿದೆ. ಆಲಿಸನ್ ಪಾತ್ರದ ಮೇರಿ ಯೂರ್ ಮೊದಲ ಪ್ರದರ್ಶನದಲ್ಲೂ ಅದೇ ಪಾತ್ರ ಮಾಡಿದ್ದವರು. ಅವರು ಸುಮ್ನೆ ಇರುತ್ತಾರೆ. ನನ್ನ ಕಣ್ಣು ಅವರ ಮೇಲೆಯೇ ಇತ್ತು. ಗೆಳೆಯ ಪಾಸ್ ಒತ್ತಿ, "ನಿನ್ನ ಡೈಲಾಗ್ ಜಾಸ್ತಿ ಇದೆ" ಅಂದ. ನಾನು ಎದ್ದು ಕಾಫಿ ಮಾಡಲು ಹೋದೆ.

ನನಗೂ ಗೆಳೆಯನಿಗೂ ಜಗಳ ಬಂದದ್ದು ನಮ್ಮ ನಾಟಕದ ಒಂದೇ ಮಾತಿನ ಬಗ್ಗೆ. ಅವನು ಒಂದು ರಾತ್ರಿಯಿಡೀ ಪ್ಲಾಟ್‌ಫಾರ್ಮಿನಲ್ಲಿ ಅವಳಿಗಾಗಿ ಕಾದ ಕಥೆ. ಮೂರು ಪುಟ. ರಂಗದ ಮೇಲೆ ಪ್ರತಿಸಲ ಚಪ್ಪಾಳೆ ಬೀಳುತ್ತಿತ್ತು. ಗೆಳೆಯನಿಗೆ ಅದನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ತೋರಿಸಬೇಕು. ತೋರಿಸಿದರೆ ಅದು ನಿಜ ಅಂತ ಆಗಿಬಿಡುತ್ತದೆ, ಅವನು ಸುಳ್ಳೂ ಹೇಳುತ್ತಿರಬಹುದು ಅನ್ನುವುದು ನನ್ನ ವಾದ. ಸ್ಯಾಮ್ ಶೆಪರ್ಡ್ ಅವರ 'ಫೂಲ್ ಫಾರ್ ಲವ್' ನಾಟಕವನ್ನು 1985ರಲ್ಲಿ ಸಿನಿಮಾ ಮಾಡಿದ ರಾಬರ್ಟ್ ಆಲ್ಟ್‌ಮನ್ ಇಲ್ಲಿ ಒಂದು ಕಿಲಾಡಿತನ ಮಾಡಿದ್ದಾರೆ. ಪಾತ್ರ ಹೇಳುವುದು ಒಂದು, ತೆರೆಯ ಮೇಲೆ ಕಾಣುವುದು ಇನ್ನೊಂದು. ಎರಡೂ ತಾಳೆಯಾಗುವುದಿಲ್ಲ. ನಾವೂ ಹಾಗೇ ಮಾಡೋಣ ಅಂತ ಒಂದು ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಶೂಟ್ ಮಾಡಿದೆವು. ನೋಡಿದಾಗ ನಕಲು ಅಂತ ಇಬ್ಬರಿಗೂ ಗೊತ್ತಾಯಿತು. ಬಿಟ್ಟೆವು.

ಕೊನೆಗೆ ಆ 12 ನಿಮಿಷವನ್ನು ಒಂದೇ ಶಾಟಿನಲ್ಲಿ ತೆಗೆಯೋಣ ಅಂತ ತೀರ್ಮಾನವಾಯಿತು. ರೀಲಿನ ಕಾಲವಾಗಿದ್ದರೆ ಆಗುತ್ತಿರಲಿಲ್ಲ. 35 ಎಂಎಂ ಫಿಲ್ಮಿನ ಸಾವಿರ ಅಡಿ ರೀಲಿಗೆ ಬರುವುದು 11 ನಿಮಿಷ. ಈಗ ಕಾರ್ಡ್ ತುಂಬುವವರೆಗೆ ತೆಗೆಯಬಹುದು.

ರಂಗದ ಮೇಲೆ ಲಾಡ್ಜ್ ರೂಮು ಅಂದರೆ ಮಂಚ, ಮೇಜು, ಕಿಟಕಿಯ ಚೌಕಟ್ಟು. ನಿಜವಾದ ಲಾಡ್ಜ್ ರೂಮಿನಲ್ಲಿ ಇಬ್ಬರು ನಟರು, ಕ್ಯಾಮೆರಾದವರು, ಮೈಕಿನ ಕೋಲು ಹಿಡಿದವರು, ನಿರ್ದೇಶಕ, ಬಾತ್‌ರೂಮಿನಲ್ಲಿ ಬಗ್ಗಿ ನಿಂತ ನಾನು. ಸೌಂಡಿಗೆ ಅಡ್ಡಿ ಅಂತ ಫ್ಯಾನ್ ಬಂದ್. ಏಪ್ರಿಲ್ ತಿಂಗಳು. ಕಾಲು ಗಂಟೆಗೊಮ್ಮೆ ಗೂಡ್ಸ್ ಗಾಡಿ. ನಾವು ತಂದಿದ್ದು ಒಂದೇ ಬಣ್ಣದ 4 ಅಂಗಿ. ಪ್ರತಿ ಟೇಕಿಗೂ ಅಂಗಿ ಮುದುರಿರಬೇಕು. ಸಹಾಯಕ ಹುಡುಗ ಒಂದೊಂದನ್ನೂ ಒದ್ದೆ ಮಾಡಿ, ಹಿಂಡಿ, ಅದರ ಮೇಲೆ ಕೂತುಕೊಂಡು ಒಣಗಿಸುತ್ತಿದ್ದ. ಸಿನಿಮಾದಲ್ಲಿ ಅವನ ಹೆಸರು ಬರಲೇಬೇಕು ಅಂತ ಹಠ ಹಿಡಿದು ಹಾಕಿಸಿದ್ದು ನಾನು.

ಮೊದಲ ಟೇಕಿನಲ್ಲಿ ನಟ ಎಂದಿನ ಗಂಟಲು ತೆಗೆದ. ಸೌಂಡಿನವರು ಹೆಡ್‌ಫೋನ್ ಕಿತ್ತು ಹೇಳಿದರು: "ಸಾರ್, ಕೊನೇ ಸಾಲು ಇಲ್ಲೇ ಇದೆ." ಕೋಲಿನ ತುದಿಯ ಮೈಕ್ ಅವನ ತಲೆಯ ಮೇಲೆ ಒಂದಡಿ ಎತ್ತರದಲ್ಲಿತ್ತು. ಎರಡನೇ ಟೇಕು ರೈಲಿನ ಪಾಲಾಯಿತು.

ಮೂರನೇ ಟೇಕು ಚೆನ್ನಾಗಿ ಹೋಗುತ್ತಿತ್ತು. ಕಾಲರ್ ಆಯಿತು, ಒಂದು ತೋಳು ಆಯಿತು. ಅವನು ಪ್ಲಾಟ್‌ಫಾರ್ಮ್ ಕಥೆ ಶುರು ಮಾಡಿದ. ಎರಡನೇ ಪುಟದ ನಡುವೆ ಕರೆಂಟ್ ಹೋಯಿತು. ನಮ್ಮ ಲೈಟು ಆರಿತು, ಇಸ್ತ್ರಿಪೆಟ್ಟಿಗೆಯ ಕೆಂಪು ದೀಪವೂ ಆರಿತು. ಕ್ಯಾಮೆರಾ ಬ್ಯಾಟರಿಯದು, ಅದು ನಡೆಯುತ್ತಲೇ ಇತ್ತು. ಕಿಟಕಿಯ ಬೆಳಕು ಮಾತ್ರ ಅವಳ ಕೈ ಮೇಲೆ. ಗೆಳೆಯ ಕಟ್ ಹೇಳಲಿಲ್ಲ.

ಇಸ್ತ್ರಿ ತಕ್ಷಣ ತಣ್ಣಗಾಗುವುದಿಲ್ಲ, ಅಲ್ವಾ? ಇನ್ನೂ ಸ್ವಲ್ಪ ಹೊತ್ತು ಬಿಸಿ ಉಳಿದಿರುತ್ತದೆ. ನಟಿ ಅದನ್ನು ಹಿಡಿದುಕೊಂಡರು. ಉಳಿದ ಬಿಸಿಯಲ್ಲೇ ಮುಗಿಸಿಬಿಡಬೇಕು ಅನ್ನುವಂತೆ ಇನ್ನೊಂದು ತೋಳಿನ ಮೇಲೆ ಬೇಗ ಬೇಗ ತಿಕ್ಕಿದರು. ಆಮೇಲೆ ಕೈ ನಿಧಾನವಾಯಿತು. ಸುಕ್ಕು ಹೋಗುತ್ತಿಲ್ಲ. ಮೈಭಾರ ಹಾಕಿ ಒತ್ತಿದರು. ನಟ ಅದನ್ನು ನೋಡಿ ಮಾತು ನಿಲ್ಲಿಸಿದ. ಮೂರು ಪುಟದಲ್ಲಿ ಒಂದೂವರೆ ಪುಟ ಅಲ್ಲೇ ಉಳಿಯಿತು.

"ಕರೆಂಟ್ ಹೋಯ್ತು" ಅಂದ.

"ಗೊತ್ತು" ಅಂದರು ಅವರು. ತಿಕ್ಕುತ್ತಲೇ ಇದ್ದರು.

ಎರಡೂ ನಾನು ಬರೆದ ಮಾತಲ್ಲ. ಕೆಳಗಿನ ಅಂಗಡಿಯವರು ಜನರೇಟರ್ ಹಾಕಿದರು, ನೆಲ ನಡುಗಿತು. ಅವನು ಅರ್ಧ ಸುಕ್ಕಿನ ಅಂಗಿ ಹಾಕಿಕೊಂಡ, ಗುಂಡಿ ಒಂದು ಮನೆ ತಪ್ಪಿತು, ಹಾಗೆಯೇ ಹೋದ. ನಾಟಕದಲ್ಲಿ ಇಲ್ಲಿ ಬಾಗಿಲು ಧಡಾರ್ ಅನ್ನಬೇಕು. ಲಾಡ್ಜಿನ ಬಾಗಿಲು ಉಬ್ಬಿಕೊಂಡಿತ್ತು. ಎರಡು ಸಲ ಎಳೆದ, ಮುಚ್ಚಲಿಲ್ಲ. ಬಿಟ್ಟು ಹೋದ.

ಬಾತ್‌ರೂಮಿನಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು. ಒಂದೂವರೆ ಪುಟ ಹೋಯಿತಲ್ಲ ಅಂತ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ.

ಕರೆಂಟ್ ಬಂದ ಮೇಲೆ ಸೌಂಡಿನವರ ಸಮಾಧಾನಕ್ಕೆ ಇನ್ನೆರಡು ಟೇಕ್ ಮಾಡಿದೆವು. ಎಲ್ಲ ಡೈಲಾಗ್ ಬಂತು. ಬಾಗಿಲನ್ನು ಬಡಗಿಯಿಂದ ಸವರಿಸಿದ್ದರಿಂದ ಧಡಾರ್ ಅಂದೇ ಅಂದಿತು. ಎಡಿಟಿಂಗಿನಲ್ಲಿ ಆ ಟೇಕುಗಳನ್ನು ಎರಡನೇ ಸಲ ನೋಡಲು ಯಾರೂ ಕೇಳಲಿಲ್ಲ. ಜನರೇಟರ್ ಸದ್ದು ಸಿನಿಮಾದಲ್ಲಿ ಹಾಗೆಯೇ ಇದೆ.

ಆರು ತಿಂಗಳ ನಂತರ ಮತ್ತೆ ನಾಟಕ ಆಡಿದೆವು. ಅಷ್ಟು ಚೆನ್ನಾಗಿ ಬಂದದ್ದನ್ನು ಬಿಡುವುದೇಕೆ ಅಂತ ಕರೆಂಟ್ ಹೋಗುವುದನ್ನು ರಂಗಕ್ಕೂ ತಂದೆ. ಆ ಜಾಗ ಬಂತು. ಲೈಟಿನವರು ಎಲ್ಲ ದೀಪ ಆರಿಸಿ, ಒಂದೇ ಒಂದನ್ನು ಕಿಟಕಿಯ ಬೆಳಕಿನಂತೆ ನಿಧಾನವಾಗಿ ಏರಿಸಬೇಕಿತ್ತು. ಏರಿಸುವಷ್ಟರಲ್ಲಿ ಜನ ನಾಟಕ ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಲಿ ಹುಡುಕಲು ಮೊಬೈಲ್ ಟಾರ್ಚ್ ಹಾಕಿದರು. ಬೆಳಕು ಏರಿದಾಗ ನಟಿ ಬಿಸಿ ಇಸ್ತ್ರಿ ಎತ್ತಿ ಹಿಡಿದುಕೊಂಡು ನನ್ನ ಕಡೆಗೇ ನೋಡುತ್ತಿದ್ದರು.

ಮರುದಿನದ ಪ್ರದರ್ಶನಕ್ಕೆ ಮೂರೂ ಪುಟ ವಾಪಸ್ ಬಂದವು. ಚಪ್ಪಾಳೆಯೂ ಬಂತು, ಸರಿಯಾದ ಜಾಗದಲ್ಲಿ.