ಐಸ್‌ಲ್ಯಾಂಡ್: ದಕ್ಷಿಣ ಕರಾವಳಿಯೇ ಸಾಕು, ಕಾರಿನ ಬಾಗಿಲು ಜೋಪಾನ

ಐಸ್‌ಲ್ಯಾಂಡ್ ಅಂದ ಕೂಡಲೇ ಎಲ್ಲರೂ ದೇಶವನ್ನೇ ಸುತ್ತುವ ಹೆದ್ದಾರಿ ರಿಂಗ್ ರೋಡ್ ಸುತ್ತಿ ಬನ್ನಿ ಅನ್ನುತ್ತಾರೆ. ಅದು 1,300 ಕಿ.ಮೀ.ಗೂ ಜಾಸ್ತಿ. ನಮ್ಮ ಕೈಲಿದ್ದದ್ದು ಐದೇ ದಿನ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆವು, ಹೆಚ್ಚಾಗಿ ದಕ್ಷಿಣ ಕರಾವಳಿಯನ್ನೇ ನೋಡಿದೆವು, ಒಂಚೂರೂ ಬೇಸರವಿಲ್ಲ.

ಮೊದಲ ದಿನ ಒಳನಾಡಿನ ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನ, ಗುಲ್‌ಫಾಸ್ ಜಲಪಾತ, ಬಿಸಿನೀರಿನ ಬುಗ್ಗೆ ಸ್ಟ್ರೋಕ್ಕುರ್. ಈ ಬುಗ್ಗೆ ಕೆಲವೇ ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ಎಲ್ಲರೂ ಫೋನ್ ಹಿಡಿದು ಕಾದು ಕಾದು ಕೈ ಇಳಿಸಿದಾಗಲೇ ಚಿಮ್ಮುತ್ತದೆ, ಅದು ಬೇರೆ ಮಾತು! ನೀರನ್ನೇ ನೋಡುತ್ತಿರಿ. ಅದು ದೊಡ್ಡ ನೀಲಿ ಗುಳ್ಳೆಯ ಹಾಗೆ ಉಬ್ಬಿದರೆ ಮುಗಿಯಿತು, ಮರುಕ್ಷಣ ಮೇಲಕ್ಕೆ. ಗಾಳಿ ಬೀಸುವ ಕಡೆ ನಿಲ್ಲಬೇಡಿ.

ಸೆಲ್ಯಾಲ್ಯಾಂಡ್ಸ್‌ಫಾಸ್ ಜಲಪಾತ ರಾಜಧಾನಿ ರೇಕ್ಯವಿಕ್‌ನಿಂದ ಸುಮಾರು 120 ಕಿ.ಮೀ. ಅರವತ್ತು ಮೀಟರ್ ಎತ್ತರದಿಂದ ಬೀಳುವ ನೀರಿನ ಹಿಂದೆಯೇ ನಡೆದು ಆಚೆ ಬರಬಹುದು. ಜೀನ್ಸ್ ಹಾಕಿಕೊಂಡು ಹೋಗಿ ನಾನು ಪೂರ್ತಿ ನೆನೆದೆ, ಆಮೇಲೆ ಸಂಜೆವರೆಗೂ ಚಳಿಯಲ್ಲಿ ಗಡಗಡ. ನೀರಿಳಿಯದ ಜಾಕೆಟ್ ಜೊತೆಗೆ ಪ್ಯಾಂಟೂ ಬೇಕು, ಕೊಡೆ ಅಲ್ಲಿನ ಗಾಳಿಗೆ ನಿಲ್ಲಲ್ಲ. ಪಕ್ಕದಲ್ಲೇ ಬಂಡೆ ಸಂದಿಯಲ್ಲಿ ಅವಿತ ಗ್ಲ್ಯೂಫ್ರಬೂಯಿ ಅನ್ನುವ ಜಲಪಾತವಿದೆ. ಹೆಚ್ಚಿನವರು ಅದನ್ನು ನೋಡದೇ ಹೊರಟುಬಿಡುತ್ತಾರೆ.

ಗಾಳಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕರಾವಳಿಯ ವೀಕ್ ಅನ್ನುವ ಊರಿನ ಹತ್ತಿರ ಕಾರು ನಿಲ್ಲಿಸಿ ಬಾಗಿಲು ತೆಗೆದೆ ಅಷ್ಟೇ, ಗಾಳಿ ಕೈಯಿಂದ ಕಿತ್ತುಕೊಂಡು ಬಾಗಿಲನ್ನು ಮುಂದಕ್ಕೆ ಬಡಿಯಿತು, ಕೀಲು ಬಗ್ಗಿತು, ಆಮೇಲೆ ಅದು ಸರಿಯಾಗಿ ಮುಚ್ಚಲೇ ಇಲ್ಲ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಗಾಳಿಯಿಂದಾದ ಹಾನಿ ಬಹಳ ಸಲ ಸೇರಿರುವುದಿಲ್ಲ. ಕರಾರಿನಲ್ಲಿ ಆ ಸಾಲು ಇತ್ತು, ನಾನು ಓದಿರಲಿಲ್ಲ. ಕಾರನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ.

ರೇನಿಸ್‌ಫ್ಯಾರಾ ಕಡಲತೀರದ ಕಪ್ಪು ಮರಳು, ಕಂಬ ನಿಲ್ಲಿಸಿದಂಥ ಕಲ್ಲುಗಳು ಚೆನ್ನ. ಆದರೆ ಅಲ್ಲಿನ ಅಲೆ ಕಾರವಾರ, ಗೋಕರ್ಣದ ಅಲೆಯಲ್ಲ. ನಾಲ್ಕೈದು ಸಣ್ಣ ಅಲೆ ಬಂದು ಹೋದಮೇಲೆ ಒಂದು ಇದ್ದಕ್ಕಿದ್ದಂತೆ ಮೇಲೆ ತನಕ ನುಗ್ಗುತ್ತದೆ. ಜನ ಸತ್ತಿದ್ದಾರೆ. ಎಚ್ಚರಿಕೆ ಫಲಕ ಓದಿ, ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯೋಕುಲ್‌ಸಾರ್ಲೋನ್ ಅನ್ನುವ ಸರೋವರ. ಹಿಮನದಿಯಿಂದ ಮುರಿದ ಮಂಜಿನ ಗುಡ್ಡೆಗಳು ಸರೋವರದಲ್ಲಿ ತೇಲುತ್ತಾ, ರಸ್ತೆ ಸೇತುವೆಯ ಕೆಳಗೆ ಹಾದು ಸಮುದ್ರ ಸೇರುತ್ತವೆ. ಸಮುದ್ರ ಅವನ್ನು ಮತ್ತೆ ಕಪ್ಪು ಮರಳಿನ ಮೇಲೆ ಎಸೆಯುತ್ತದೆ. ತೆಂಗಿನಕಾಯಿ ಗಾತ್ರದ ಒಂದು ತುಂಡು ಎತ್ತಿಕೊಂಡೆ. ಗಾಜಿನ ಹಾಗೆ ತಿಳಿ, ಒಳಗೆ ಸಾಸಿವೆ ಕಾಳಿನಷ್ಟು ಗಾಳಿ ಗುಳ್ಳೆಗಳು. ರೇಕ್ಯವಿಕ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಪ್ಯಾಕೇಜ್ ತಗೋಬೇಡಿ. ಹೋಗುವುದಕ್ಕೇ 370 ಕಿ.ಮೀ. ಆಗುತ್ತೆ, ನೋಡುವುದಕ್ಕೆ ಹೆಚ್ಚು ಸಮಯ ಉಳಿಯಲ್ಲ. ವೀಕ್‌ನಲ್ಲೋ ಇನ್ನೂ ಮುಂದೆಯೋ ಒಂದು ರಾತ್ರಿ ಉಳಿಯಿರಿ. ಮೋಡ ಇಲ್ಲದಿದ್ದರೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು ಅರೋರಾ ಕೂಡ ಕಾಣಬಹುದು, ನಮಗೆ ಎರಡು ರಾತ್ರಿಯೂ ಬರೀ ಮೋಡ.

ಹೋಟೆಲ್ ಊಟ ವಿಪರೀತ ದುಬಾರಿ. ಅಡುಗೆಮನೆ ಇರುವ ರೂಮು ಹಿಡಿದು, ಅನ್ನ ಮಾಡಿಕೊಂಡು ಚಟ್ನಿಪುಡಿ, ಸ್ಕಿರ್ ಜೊತೆ ತಿಂದೆವು. ಸ್ಕಿರ್ ಅಂದರೆ ಅವರ ಗಟ್ಟಿ ಮೊಸರು. ಬಿಸಿನೀರಿನ ನಲ್ಲಿ ಬಿಟ್ಟಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ನೆಲದೊಳಗಿನ ಗಂಧಕ ಅದು. ಕುಡಿಯಲು ತಣ್ಣೀರಿನ ನಲ್ಲಿಯಿಂದ ಹಿಡಿದುಕೊಳ್ಳಿ, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ.