ಬಿಸಿಲಿನ ಬೀದರ್, ಜೊತೆಗೊಂದು ಕೂಸು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1:30ಕ್ಕೆ ಹಾಕಿಬಿಡುತ್ತಾರೆ. ಒಂದೂವರೆ, ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಬೀದರ್ ನೋಡಲು ಬರುವವರಿಗೆ ದಾರಿ ತೋರಿಸಲು ಇದೊಂದು ಸಾಕು. ಅದನ್ನೇ ಇನ್ನಷ್ಟು ಹಿಂದಕ್ಕೆ ಎಳೆದುಕೊಳ್ಳಿ: 6ಕ್ಕೆ ಹೊರಗೆ, 10ಕ್ಕೆ ಒಳಗೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಬರುವವರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಆಗ ಬೆಳಗಿನ ಜಾವ ಕೂಸಿಗೆ ಸ್ವೆಟರ್ ಬೇಕಾಗುತ್ತದೆ, ಹನ್ನೊಂದಕ್ಕೆ ಅದನ್ನು ಬಿಚ್ಚಬೇಕಾಗುತ್ತದೆ, ಅಷ್ಟೇ. ಆದರೆ ದೊಡ್ಡ ಮಕ್ಕಳ ರಜೆ, ಬಂಧುಗಳ ಮದುವೆ ಎಲ್ಲ ಬೀಳುವುದು ಬೇಸಿಗೆಯಲ್ಲೇ. ಬೀದರ್ ಸುಮಾರು 2,200 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಹಾಗಾಗಿ ಕಲಬುರಗಿಗಿಂತ ಕೊಂಚ ವಾಸಿ. ಹಾಗಂತ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಹೊರಗಿನಿಂದ ಬಂದವರು ಮಾಡುವ ಮೊದಲ ತಪ್ಪು, 'ಸಂಜೆ ತಂಪಾದ ಮೇಲೆ ಕೋಟೆಗೆ ಹೋಗೋಣ' ಎನ್ನುವುದು. ಸಂಜೆ 5ಕ್ಕೆ ಗಾಳಿಯ ಬಿಸಿ ಸ್ವಲ್ಪ ಇಳಿದಿರುತ್ತದೆ, ಕಲ್ಲಿನದು ಇಳಿದಿರುವುದಿಲ್ಲ. ದಿನವಿಡೀ ಕುಡಿದ ಬಿಸಿಲನ್ನು ಗೋಡೆ, ನೆಲ, ಮೆಟ್ಟಿಲು ಎಲ್ಲವೂ ರಾತ್ರಿಯವರೆಗೆ ನಿಧಾನಕ್ಕೆ ಹೊರಗೆ ಬಿಡುತ್ತಲೇ ಇರುತ್ತವೆ. ದೊಡ್ಡವರ ಮುಖ ನೆಲದಿಂದ ಐದಡಿ ಮೇಲಿದೆ, ಕೂಸಿನ ಮುಖ ಎರಡೂವರೆ ಅಡಿಯಲ್ಲಿ. ನಮಗೆ ತಂಗಾಳಿ ತಾಗುವ ಹೊತ್ತಿನಲ್ಲಿ ಅದಕ್ಕೆ ತಾಗುವುದು ನೆಲದ ಝಳ. ಸೂರ್ಯ ಹುಟ್ಟುವ ಹೊತ್ತಿಗೆ ಕಲ್ಲೂ ತಣ್ಣಗೆ, ಗಾಳಿಯೂ ತಣ್ಣಗೆ. ಅನುಮಾನವಿದ್ದರೆ ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಐದು ಎಣಿಸಿ. ಎಣಿಸಿ ಮುಗಿಯುವ ಮೊದಲೇ ಕೈ ಎತ್ತಿಕೊಂಡರೆ ಕೂಸನ್ನು ಕೆಳಗೆ ಬಿಡುವ ಜಾಗ ಅದಲ್ಲ.

ಕೋಟೆಯನ್ನು ಬೆಳಗಿಗೇ ಇಟ್ಟುಕೊಳ್ಳಿ. ಅಹ್ಮದ್ ಶಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಎದ್ದ ಈ ಕೋಟೆ ಬಹುಪಾಲು ಜಂಬಿಟ್ಟಿಗೆ ಕಲ್ಲಿನದು. ಅದೇ ಬಂಡೆಯನ್ನು ಕಡಿದು ಮೂರು ಸಾಲು ಕಂದಕ ತೆಗೆದಿದ್ದಾರೆ. ಈ ಕಲ್ಲು ಭೂಮಿಯಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮೇಲ್ಮೈ ತುಂಬ ತೂತು, ಉಜ್ಜುಗಲ್ಲಿನ ಹಾಗೆ ಒರಟು. ಆಗಷ್ಟೇ ಓಡಲು ಕಲಿತ ಕೂಸು ಹತ್ತು ನಿಮಿಷಕ್ಕೊಮ್ಮೆ ಬೀಳುತ್ತದೆ, ಬಿದ್ದಾಗಲೆಲ್ಲ ಮಂಡಿ ತರಚುತ್ತದೆ. ಸೆಕೆ ಎಂದು ಚಡ್ಡಿ ಹಾಕಿ ಕರೆತರುವ ಬದಲು ತೆಳು ಹತ್ತಿಯ ಸಡಿಲ ಪೈಜಾಮ ಹಾಕಿ. ಬಿಸಿಲಿಗೂ ಅದೇ ಮೇಲು, ಮಂಡಿಗೂ ಅದೇ ಮೇಲು. ಕೂಸಿನ ತಳ್ಳುಗಾಡಿ ಮಾತ್ರ ಮನೆಯಲ್ಲೇ ಇರಲಿ. ಶರ್ಜಾ ದರವಾಜ, ಗುಂಬದ್ ದರವಾಜಗಳ ಒರಟು ಕಲ್ಲುಹಾಸಿನ ಮೇಲೆ ಅದರ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬೀಳದಿರಲಿ ಎಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದಂತೂ ಬೇಡವೇ ಬೇಡ. ಗಾಳಿಯಾಡದೆ ಒಳಗಿನ ಬಿಸಿ ಹೊರಗಿಗಿಂತ ಹೆಚ್ಚಾಗುತ್ತದೆ, ಕೂಸಿನ ಮುಖವೂ ನಿಮಗೆ ಕಾಣುವುದಿಲ್ಲ. ಎತ್ತಿಕೊಳ್ಳಲು ಜಾಳಿಗೆಯ ಬಟ್ಟೆಯ ಬೇಬಿ ಕ್ಯಾರಿಯರ್ ಇದ್ದರೆ ಒಳ್ಳೆಯದು. ಅದರಲ್ಲೂ ಎದೆಗೆ ಎದೆ ಒತ್ತಿದಾಗ ಇಬ್ಬರ ಮೈಬಿಸಿ ಒಂದಾಗುವುದರಿಂದ ನಡುವೆ ತೆಳು ಹತ್ತಿ ಟವೆಲ್ ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿಸಿ.

ವಾಹನ ಕೋಟೆಯ ಒಳಗೆ ರಂಗೀನ್ ಮಹಲ್ ಹತ್ತಿರದವರೆಗೂ ಹೋಗುತ್ತದೆ. ಅದು ದೊಡ್ಡ ಉಪಕಾರ. ಹೆಬ್ಬಾಗಿಲಿನಿಂದಲೇ ನಡೆಯುವ ಹಟ ಬೇಡ, ಮಗುವಿನ ಕಾಲಲ್ಲಿರುವ ಅರ್ಧ ತಾಸಿನ ಶಕ್ತಿ ದಾರಿಯಲ್ಲೇ ಮುಗಿದುಹೋಗುತ್ತದೆ. ಶರ್ಜಾ ದರವಾಜದ ಮೇಲಿನ ಎರಡು ಹುಲಿಗಳನ್ನು ತೋರಿಸಲು ಒಂದು ನಿಮಿಷ ಇಳಿದರೆ ಸಾಕು. ಆಮೇಲೆ ನೇರ ಸೋಲಾ ಕಂಬ ಮಸೀದಿಯ ಮುಂದಿನ ಲಾಲ್ ಬಾಗಿಗೆ. ಹುಲ್ಲಿದೆ, ಮರವಿದೆ, ದೊಡ್ಡವರೊಬ್ಬರು ಕೂಸಿನ ಹಿಂದೆ ಓಡುತ್ತಿರುವಾಗ ಇನ್ನೊಬ್ಬರು ತಖ್ತ್ ಮಹಲ್ ಕಡೆ ಹೋಗಿ ನೋಡಿ ಬರಬಹುದು. ರಂಗೀನ್ ಮಹಲಿನ ಕಪ್ಪೆಚಿಪ್ಪಿನ ಕುಸುರಿ, ಮರದ ಕೆತ್ತನೆ ಇರುವ ಕೋಣೆಗಳಿಗೆ ಬೀಗ ಇರುವುದೇ ಹೆಚ್ಚು. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ ತೆರೆಸಿಕೊಳ್ಳಬೇಕು, ಅದಕ್ಕೆ ಕಾಯಲೂ ಬೇಕಾಗಬಹುದು. ಕಾಯುವವರು ಒಬ್ಬರಿರಲಿ. ಇಡೀ ಕುಟುಂಬವನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳಬೇಡಿ.

ಕೋಟೆಯಲ್ಲಿ ಬಿಸಿಲಿಗಿಂತ ಹೆಚ್ಚು ಹೆದರಬೇಕಾದದ್ದು ತೆರೆದ ಬಾವಿಗಳಿಗೆ, ಕಟ್ಟೆಯಿಲ್ಲದ ಗೋಡೆಯಂಚುಗಳಿಗೆ ಮತ್ತು ನೆಲಮಟ್ಟದಲ್ಲಿ ಬಾಯಿ ತೆರೆದಿರುವ ಕುಸಿದ ಕೋಣೆಗಳಿಗೆ. ಕೊತ್ತಲದ ಮೇಲೆ ಹತ್ತಿ ಫೋಟೋ ತೆಗೆಯುವಾಗ ಕೂಸಿನ ಕೈ ಹಿಡಿದರೆ ಸಾಲದು, ಕಂಕುಳಲ್ಲಿರಬೇಕು. ಊರಿನಲ್ಲಿ ವಾಯುಪಡೆಯ ನೆಲೆಯಿದೆ, ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ ಇಲ್ಲಿನದೇ. ತಲೆಯ ಮೇಲೆ ಜೆಟ್ ಹಾದರೆ ಕೆಲವು ಮಕ್ಕಳು ಚಪ್ಪಾಳೆ ತಟ್ಟುತ್ತವೆ, ಕೆಲವು ಕಿರುಚಿ ಅಪ್ಪನ ಕುತ್ತಿಗೆಗೆ ಬೀಳುತ್ತವೆ. ನಿಮ್ಮದು ಯಾವ ಬಗೆ ಎನ್ನುವುದು ಮೊದಲ ವಿಮಾನಕ್ಕೇ ಗೊತ್ತಾಗುತ್ತದೆ.

ಇನ್ನು ನೀರು. ಇಲ್ಲಿಯದು ಒಣ ಸೆಕೆ. ಮಂಗಳೂರಿನ ಸೆಕೆಯಲ್ಲಿ ಅಂಗಿ ಒದ್ದೆಯಾಗಿ ಮೈಗಂಟಿಕೊಂಡು ಎಚ್ಚರಿಸುತ್ತದೆ. ಬೀದರಿನಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ, ಮೈಯೊಳಗಿನ ನೀರು ಮಾತ್ರ ಇಳಿಯುತ್ತಿರುತ್ತದೆ. ಅಂಗಿ ನೋಡಬೇಡಿ, ಡೈಪರ್ ನೋಡಿ. ಮೂರು ತಾಸಾದರೂ ಒದ್ದೆಯಾಗದಿದ್ದರೆ ಕುಡಿಸುವುದು ಸಾಲದು ಎಂದರ್ಥ. ಆರು ತಾಸು ಮೂತ್ರವೇ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ ಎಂದರೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ಬೆಳಗಿನ ಮೂರು ತಾಸಿನ ಸುತ್ತಾಟಕ್ಕೆ ದೊಡ್ಡವರೊಬ್ಬರಿಗೆ ಒಂದು ಲೀಟರ್, ಕೂಸಿಗೆ ಅರ್ಧ ಲೀಟರ್, ಬಟ್ಟೆ ಒದ್ದೆ ಮಾಡಲು ಬೇರೆಯೇ ಒಂದು ಲೀಟರ್ ಇಟ್ಟುಕೊಳ್ಳಿ. ಕತ್ತಿಗೆ ಒದ್ದೆ ಕರವಸ್ತ್ರ ಸುತ್ತುವ ಉಪಾಯ ಇಲ್ಲಿಯ ಒಣಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೇಳಿದಾಗ ಕೊಡುವುದಲ್ಲ, ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು.

ಒ.ಆರ್.ಎಸ್. ಪೊಟ್ಟಣ ಎರಡು ಚೀಲದಲ್ಲಿರಲಿ. ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು: ಒಂದು ಲೀಟರಿನ ಪೊಟ್ಟಣವನ್ನು ಕೂಸಿನ 200 ಮಿ.ಲೀ. ಬಾಟಲಿಗೆ ಸುರಿಯುವುದು. ಉಪ್ಪು ಐದು ಪಟ್ಟಾಗುತ್ತದೆ, ಅದು ಅಪಾಯ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟನ್ನೇ ಒಂದೇ ಸಲ ಬೆರೆಸಿ. 24 ತಾಸಿನಲ್ಲಿ ಉಳಿದದ್ದನ್ನು ಚೆಲ್ಲಿ. ಭೇದಿಯಾದರೆ ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲವೂ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡದಕ್ಕೆ 100ರಿಂದ 200. ವಾಂತಿಯೂ ಇದ್ದರೆ ಬಾಟಲಿ ಬದಿಗಿಟ್ಟು ಚಮಚದಲ್ಲಿ ನಿಮಿಷಕ್ಕೊಂದು. ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಪೇಯಗಳು ಇದರ ಬದಲಿಯಲ್ಲ, ಸಕ್ಕರೆ ಹೆಚ್ಚಾಗಿ ಭೇದಿಯನ್ನು ಬೆಳೆಸುತ್ತವೆ.

ಊಟಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿದರೆ ಕೂಸಿಗೆ ಅದಕ್ಕಿಂತ ತಂಪಾದ ಊಟ ಬೇರೆ ಬೇಡ. ಎಲ್ಲ ಖಾನಾವಳಿಯಲ್ಲೂ ಪಟ್ಟಿಯಲ್ಲಿ ಇರುವುದಿಲ್ಲ, ಕೇಳಿ ನೋಡಬೇಕು. ಇಲ್ಲದಿದ್ದರೆ ಬಿಸಿ ಅನ್ನ, ಖಾರ ಹಾಕುವ ಮೊದಲು ತೆಗೆದಿಟ್ಟ ಬೇಳೆ. ಬಿಸಿ ರೊಟ್ಟಿಯ ಮೆತ್ತನೆಯ ಪದರ ಹಾಲಿನಲ್ಲಿ ನೆನೆಸಿಕೊಡಬಹುದು, ಒಣಗಿಸಿದ ಗಟ್ಟಿ ಕಟಿರೊಟ್ಟಿ ಗಂಟಲಿಗೆ ಚುಚ್ಚುತ್ತದೆ. ಚುರುಮುರಿಯೊಳಗಿನ ಶೇಂಗಾ, ಇಡೀ ದ್ರಾಕ್ಷಿ, ಸೀತಾಫಲದ ಬೀಜ ಇವು ಮೂರೂ ಉಸಿರುಗಟ್ಟಿಸುವಂಥವು. ಮಜ್ಜಿಗೆ, ಕಬ್ಬಿನ ಹಾಲಿನಲ್ಲಿ ಕೆಡುಕಿರುವುದು ಅದಕ್ಕೆ ಹಾಕುವ ಬರ್ಫಿನಲ್ಲಿ, ಅಂದರೆ ಐಸಿನಲ್ಲಿ. ಹಾಲನ್ನು ಬೆಳಿಗ್ಗೆ ಕಾಯಿಸಿ ಫ್ಲಾಸ್ಕಿನಲ್ಲಿ ಹೊತ್ತು ತರುವ ರೂಢಿ ಬೇಸಿಗೆಯಲ್ಲಿ ಬಿಡಿ. ಉಗುರುಬೆಚ್ಚಗಿನ ಹಾಲು ಕೀಟಾಣುಗಳಿಗೆ ಹೇಳಿ ಮಾಡಿಸಿದ ಜಾಗ. ಬಿಸಿನೀರು ಫ್ಲಾಸ್ಕಿನಲ್ಲಿ, ಹಾಲಿನ ಪುಡಿ ಡಬ್ಬಿಯಲ್ಲಿ ಬೇರೆ ಬೇರೆ ಇರಲಿ.

ಹತ್ತರ ಮೇಲೆ ಸಂಜೆಯವರೆಗೆ ಕೋಣೆಯೇ ಗತಿ, ಆದ್ದರಿಂದ ಕೋಣೆ ಹಿಡಿಯುವಾಗ ಸ್ವಲ್ಪ ಕೊಸರಾಡಿ. ಕೊನೆಯ ಮಹಡಿ ಬೇಡ, ಮೇಲಿನ ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಬೆಂಕಿ ಕಾರುತ್ತದೆ. ಪಡುವಣದ ಗೋಡೆಯ ಕೋಣೆಯೂ ಬೇಡ. ಕರೆಂಟ್ ಹೋದರೆ ಜನರೇಟರ್‌ನಲ್ಲಿ ಏಸಿ ನಡೆಯುತ್ತದೆಯೋ ಬರೀ ಫ್ಯಾನೋ ಕೇಳಿ. ಕೂಲರ್ ಕೋಣೆಯಾದರೂ ಅಡ್ಡಿಯಿಲ್ಲ, ಆದರೆ ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಬೇಕು. ಎಲ್ಲ ಮುಚ್ಚಿಕೊಂಡು ಕೂಲರ್ ಹಾಕಿದರೆ ತೇವ ಕೋಣೆಯಲ್ಲೇ ಕೂತು ಅರ್ಧ ತಾಸಿಗೆ ಮೈಯೆಲ್ಲ ಜಿಗಿಜಿಗಿ, ಮರುದಿನ ಕೂಸಿನ ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ. ಬೆವರುಸಾಲೆಗೆ ಪೌಡರ್ ಸುರಿಯಬೇಡಿ, ತಣ್ಣೀರಿನಲ್ಲಿ ಒರೆಸಿ ಬರಿಮೈಯಲ್ಲಿ ಬಿಡಿ. ಬಚ್ಚಲಲ್ಲಿ ತುಂಬಿಟ್ಟ ಬಕೆಟ್‌ಗಳನ್ನು ಬಂದ ಕೂಡಲೇ ಖಾಲಿ ಮಾಡಿ ಬೋರಲು ಹಾಕಿ. ಈ ವಯಸ್ಸಿನ ಕೂಸಿಗೆ ಅರ್ಧ ಬಕೆಟ್ ನೀರೂ ಬಾವಿಯೇ.

ಎರಡನೆಯ ಬೆಳಗಿಗೆ ಅಷ್ಟೂರು. ಊರಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್, ಹಲವರು ಹಂಚಿಕೊಂಡು ಹೋಗುವ ಟಂಟಂ ಬದಲು ಆಟೋವನ್ನು ಹೋಗಿಬರುವುದಕ್ಕೆ ಮಾತಾಡಿಕೊಳ್ಳಿ, ವಾಪಸ್ ಬರುವಾಗ ಬಿಸಿಲಲ್ಲಿ ನಿಂತು ಕಾಯುವುದು ತಪ್ಪುತ್ತದೆ. ಬಹಮನಿ ಸುಲ್ತಾನರ ಗೋರಿಗಳ ಗೋಡೆ ಎಷ್ಟು ದಪ್ಪವೆಂದರೆ ಒಳಗೆ ಕಾಲಿಟ್ಟ ಕ್ಷಣ ತಂಪು ತಾಗುತ್ತದೆ. ಅಹ್ಮದ್ ಶಾ ವಲಿಯ ಗೋರಿಯ ಒಳಗೆ ಬಣ್ಣದ ಚಿತ್ತಾರವಿದೆ, ಕತ್ತಲೂ ಇದೆ. ಬಿಸಿಲಿನಿಂದ ನೇರ ಒಳಗೆ ಹೋದರೆ ಕೂಸು ಬೆದರುತ್ತದೆ, ಹೊಸ್ತಿಲಲ್ಲಿ ಎರಡು ನಿಮಿಷ ನಿಂತು ಕಣ್ಣು ಹೊಂದಿಕೊಳ್ಳಲಿ. ಪುಟ್ಟ ಟಾರ್ಚ್ ಕೈಗೆ ಕೊಟ್ಟರೆ ಹೆದರಿಕೆ ಆಟವಾಗುತ್ತದೆ. ಚಪ್ಪಲಿ ಹೊರಗೆ ಬಿಡಬೇಕು. ಹೋಗುವಾಗ ತಣ್ಣಗಿದ್ದ ಕಲ್ಲು ಬರುವಾಗ ಸುಡುತ್ತಿರುತ್ತದೆ. ದಪ್ಪ ಹತ್ತಿ ಕಾಲುಚೀಲ ಒಂದು ಜೊತೆ ಚೀಲದಲ್ಲಿದ್ದರೆ ಈ ಸಂಕಟವಿಲ್ಲ. ಸಿಡಿಲು ಬಡಿದು ಅರ್ಧ ಸೀಳಿರುವ ಹುಮಾಯೂನ್ ಶಾನ ಗೋರಿಯನ್ನು ದೂರದಿಂದಲೇ ನೋಡಿ.

ಗುರುನಾನಕ್ ಝೀರಾ ಸಾಹೇಬ್ ಗುರುದ್ವಾರ ಕೂಸಿನ ಜೊತೆ ಬರುವವರಿಗೆ ಈ ಊರಿನ ಅತ್ಯುತ್ತಮ ತಾಣ. ನೆರಳು, ಶೌಚಾಲಯ, ಕೂರಲು ಜಾಗ, ಲಂಗರಿನ, ಅಂದರೆ ಗುರುದ್ವಾರದ ದಾಸೋಹದ ಬಿಸಿ ದಾಲ್ ರೋಟಿ ಎಲ್ಲ ಒಂದೇ ಕಡೆ. ಮಗುವಿನ ತಲೆಗೂ ಬಟ್ಟೆ ಬೇಕು. ಟೋಪಿ ಕಿತ್ತೆಸೆಯುವ ಮಕ್ಕಳಿಗೆ ತೆಳು ಕರವಸ್ತ್ರವನ್ನು ಹಿಂದೆ ಗಂಟು ಹಾಕಿ, ಬಾಗಿಲಿಗೆ ಬರುವ ಐದು ನಿಮಿಷ ಮೊದಲೇ ಕಟ್ಟಿದರೆ ಮರೆತುಬಿಡುತ್ತವೆ.

ಸಂಜೆ ಆರರ ಮೇಲೆ ಹೊರಗೆ ಹೋಗಲೇಬೇಕೆಂದರೆ ಉದಗೀರ್ ರಸ್ತೆಯ ಬರೀದ್‌ಶಾಹಿ ಉದ್ಯಾನ. ಹುಲ್ಲು, ಮಣ್ಣು ಕಲ್ಲಿಗಿಂತ ಬೇಗ ತಣಿಯುತ್ತವೆ. ಅಲಿ ಬರೀದನ ಗೋರಿ ನಾಲ್ಕೂ ದಿಕ್ಕಿಗೆ ತೆರೆದ ಕಟ್ಟಡ, ಎಲ್ಲಿಂದ ಗಾಳಿ ಬೀಸಿದರೂ ಒಳಗೆ ಹಾಯುತ್ತದೆ. 1472ರ ಮಹಮೂದ್ ಗವಾನ್ ಮದರಸಾ ಊರ ನಡುವೆಯೇ ಇದೆ, ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು. ಮಿನಾರಿನ ಮೇಲೆ ಉಳಿದಿರುವ ನೀಲಿ ಹೆಂಚಿನ ಬಿಲ್ಲೆಗಳನ್ನು ಕೂಸೂ ಬೆರಳು ಮಾಡಿ ತೋರಿಸುತ್ತದೆ.

ಬಿದರಿ ಕೆಲಸದ ಅಂಗಡಿಯಲ್ಲಿ ಕೊಳ್ಳುವುದು ಬೇರೆ, ಕೆಲಸ ನಡೆಯುವ ಕೋಣೆಗೆ ಕೂಸನ್ನು ಒಯ್ಯುವುದು ಬೇರೆ. ಸತು ಮತ್ತು ತಾಮ್ರದ ಎರಕ ಉಜ್ಜುವಾಗ ಪುಡಿ ಹಾರುತ್ತದೆ, ಬೆಳ್ಳಿ ತಂತಿಯ ತುಂಡು ನೆಲದಲ್ಲಿರುತ್ತದೆ, ಕಪ್ಪು ಬಣ್ಣ ಬರಿಸಲು ಕೋಟೆಯ ಮಣ್ಣಿನ ಜೊತೆ ನವಸಾಗರ ಹಾಕಿ ಕುದಿಸುತ್ತಾರೆ. ಸರದಿಯಲ್ಲಿ ಒಬ್ಬೊಬ್ಬರೇ ಹೋಗಿ ಬನ್ನಿ. ನೌಬಾದಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗ ನೋಡುವಾಗಲೂ ಹೀಗೆಯೇ, ಅದರ ಗಾಳಿಬಾವಿಗಳು ಆಳವಾಗಿವೆ.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂದು ಯಾರಾದರೂ ಅಜ್ಜಿ ಹೇಳಿಯಾರು. ಇಟ್ಟುಕೊಳ್ಳಿ, ಅಜ್ಜಿಗೆ ಸಮಾಧಾನ. ಆದರೆ ಮೈ ಕೆಂಡದಂತಾಗಿ ಕೂಸು ಮಂಕಾದರೆ, ಕರೆದರೆ ಓಗೊಡದಿದ್ದರೆ ಅದು ಜ್ವರವಲ್ಲ, ಬಿಸಿಲಿನ ಹೊಡೆತ. ಪ್ಯಾರಾಸಿಟಮಾಲ್ ಅದನ್ನು ಇಳಿಸುವುದಿಲ್ಲ. ನೆರಳಿಗೆ ಒಯ್ದು, ಬಟ್ಟೆ ಬಿಚ್ಚಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಬಿಸಿ ಏರುತ್ತದೆ, ಆದ್ದರಿಂದ ಮಲಗಿದೆ ಎಂದು ಕೂಸನ್ನು ಕಾರಿನಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ.

ಝರಣಿ ನರಸಿಂಹನ ಗುಹೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದರ್ಶನ ಮಾಡಬೇಕು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವವರಿದ್ದಾರೆ, ಆದರೆ ಒಳಗೆ ಉಸಿರು ಕಟ್ಟುವ ಸೆಕೆ, ಬಾವಲಿ, ಕಾಲಡಿ ಜಾರು, ಸಾಲಿನ ನಡುವೆ ಮಗು ಅತ್ತರೆ ಹಿಂದಿರುಗಲು ದಾರಿಯಿರುವುದಿಲ್ಲ. ಒಬ್ಬರು ಹೊರಗೆ ಕೂಸಿನ ಜೊತೆ ಕೂತಿರಲಿ. ಒಳಗಿನವರು ಬಂದ ಮೇಲೆ ಅವರ ಸರದಿ.